ಹೆಪ್ಪು ಮಣ್ಣು

ಗುರುಬಸವ್ವನ ಬಲಗಾಲು ಪಾದಗೂಡಿನೊಳಗೆ ಇಳಿದು ಇಪ್ಪತ್ತು ನಿಮಿಷವಾಗಿತ್ತು. ಆ ಗಾಜಿನ ಪೆಟ್ಟಿಗೆಯ ಗೋಡೆಗಳಿಂದ ಕೂದಲಿಗಿಂತ ಸಣ್ಣ ಸಾವಿರ ಸೂಜಿಗಳು ಹೊರಬಂದು ಅಂಗಾಲಿನ ಒಳಹೊಕ್ಕಿದ್ದವು. ಹನ್ನೊಂದು ವರ್ಷ ನೋವು ತಿಂದ ಕಾಲಿಗೆ ಅದು ಯಾವ ಲೆಕ್ಕ.

ಮದುರಾ ಪಾದ ಎಂಬ ಈ ರೋಗ ಬರಿಗಾಲಿನವರನ್ನೇ ಹುಡುಕಿಕೊಂಡು ಬರುವಂಥದ್ದು. ಜಾಲಿಮುಳ್ಳು ಚುಚ್ಚಿದಾಗ ಮಣ್ಣಿನ ಶಿಲೀಂಧ್ರವೋ ಬ್ಯಾಕ್ಟೀರಿಯಾವೋ ಚರ್ಮದ ಕೆಳಗೆ ಸೇರಿ ನಿಧಾನವಾಗಿ ಬೆಳೆಯುತ್ತದೆ. ಪಾದ ಊದಿ, ತೂತು ಬಿದ್ದು, ಕೀವಿನೊಂದಿಗೆ ಕರಿಕಾಳು ಸುರಿಯುತ್ತವೆ. ಮೂಳೆಗಿಳಿದರೆ ಕಾಲು ಕತ್ತರಿಸುವುದೇ ದಾರಿ. ಡಾಕ್ಟರ್ ನಿಲೋಫರ್ ಇದಕ್ಕೆಂದೇ ಬೇಟೆಜೀವಿಯನ್ನು ಸೃಷ್ಟಿಸಿದ್ದರು. ಸೂಜಿಗಳ ಮೂಲಕ ಕಾಲಿಗಿಳಿಯುವ, ಕಣ್ಣಿಗೆ ಕಾಣದ ಈ ಜೀವಿ ರೋಗಾಣುವನ್ನಷ್ಟೇ ತಿನ್ನುತ್ತದೆ, ತಿನ್ನಲು ಏನೂ ಉಳಿಯದಾಗ ತಾನೂ ಸಾಯುತ್ತದೆ. ಗಾಯ ಒಣಗುವ ತನಕ, ಅಂದರೆ ಮೂರು ತಿಂಗಳು, ಕಾಲಿಗೆ ಮಣ್ಣು ತಾಗಬಾರದು, ತಾಗಿದರೆ ಹೊಸ ಸೋಂಕು ಹತ್ತೀತು ಎಂದು ಡಾಕ್ಟರು ತಾಕೀತು ಮಾಡಿ ಕಳಿಸಿದರು.

ಕುಂಬಾರಗಿತ್ತಿಗೆ ಹೇಳುವ ಮಾತೇ ಅದು? ಗಂಡ ಸಂಕ್ರಪ್ಪ ಗಡಿಗೆ ತಿರುಗಿಸುವ ತಿಗರಿಗೆ ಕೂರುವವನು, ಮಣ್ಣು ತುಳಿದು ಹದ ಮಾಡುವವಳು ಇವಳು. ಕಾಲು ಉಳಿಯಲೆಂದು ಹರಕೆ ಹೊತ್ತದ್ದೂ ಅದಕ್ಕಾಗಿಯೇ. ಎರಡು ತಿಂಗಳು ಹಲ್ಲು ಕಚ್ಚಿ ಕುಳಿತಳು. ಊತ ಇಳಿದು ಹೆಜ್ಜೆ ನೆಟ್ಟಗಾದ ದಿನ ತಡೆಯಲಾಗದೆ, ಕಾಲನ್ನು ಬಿಸಿನೀರಿನಲ್ಲಿ ತೊಳೆದುಕೊಂಡು ಅಂಗಳದ ಮಣ್ಣಿನ ಕುಣಿಗಿಳಿದಳು. ಮನೆಯ ಮಣ್ಣು, ಅದೇನು ಬೀದಿಯ ಕೊಳೆಯೇ ಎಂಬುದು ಅವಳ ವಾದ. ಎಷ್ಟೋ ವರ್ಷಗಳ ಬಳಿಕ ಅವಳಿಗೆ ಹಾಡಬೇಕೆನಿಸಿತು.

ಆ ಊರಿನ ಕುಂಬಾರರದು ಒಂದು ಪದ್ಧತಿ. ಹಾಲಿಗೆ ಹೆಪ್ಪು ಹಾಕಿದಂತೆ, ಹೊಸ ಮಣ್ಣಿಗೆ ಹಳೆಯ ಹುಳಿಮಣ್ಣಿನ ಉಂಡೆ ಕಲಸಿ, ಅಂಟು ಬರಲೆಂದು ತಿಂಗಳುಗಟ್ಟಲೆ ಇಡುತ್ತಾರೆ. ಅಜ್ಜನ ಅಜ್ಜನ ಕಾಲದಿಂದ ಹೀಗೇ ನಡೆದು ಬಂದಿದೆ. ಗುಣವಾದ ಖುಷಿಯಲ್ಲಿ ಗುರುಬಸವ್ವ ಆ ಸಲ ಊರಿನ ಮೂವತ್ತು ಕುಂಬಾರ ಮನೆಗೂ ತನ್ನ ಕುಣಿಯ ಹೆಪ್ಪನ್ನೇ ಹಂಚಿದಳು.

ಮಳೆಗಾಲ ಕಳೆದ ಮೇಲೆ ಮನೆಮನೆಯ ತಿಗರಿಯ ಮೇಲೂ ಗಡಿಗೆಗಳು ಸೀಳಿಹೋಗತೊಡಗಿದವು. "ಮಣ್ಣಿನ್ಯಾಗ ಜೀವ ಇಲ್ಲ" ಎಂದು ಸಂಕ್ರಪ್ಪ ಕೈ ತೊಳೆದುಕೊಂಡು ಎದ್ದ. ಪರವೂರಿನಿಂದ ತಂದ ಹೆಪ್ಪೂ ಎರಡೇ ದಿನದಲ್ಲಿ ಸತ್ತಿತು.

ನಿಲೋಫರ್ ಬಂದು ಪರೀಕ್ಷಿಸಿದರು. ಮಣ್ಣಿಗೆ ಅಂಟು ಕೊಡುವ ಸೂಕ್ಷ್ಮಜೀವಿಗಳು ರೋಗಾಣುವಿನ ದಾಯಾದಿಗಳೇ. ಪೂರ್ತಿ ಒಣಗದ ತೂತುಗಳಿಂದ ಬೇಟೆಜೀವಿ ಕುಣಿಗಿಳಿದು, ಅವನ್ನೆಲ್ಲ ತಿಂದು ಕೊಬ್ಬಿ, ಊರವರು ಮಣ್ಣು ತರುವ ಕೆರೆಯಂಗಳದವರೆಗೆ ಹಬ್ಬಿತ್ತು. ಮಣ್ಣಿನಿಂದ ಕಾಲನ್ನು ಕಾಯುವ ಯೋಚನೆಯೇ ಎಲ್ಲರಿಗೂ. ಕಾಲಿನಿಂದ ಮಣ್ಣನ್ನು ಕಾಯಬೇಕೆಂದು ಅಷ್ಟು ಓದಿದ ಡಾಕ್ಟರಿಗೂ ಹೊಳೆದಿರಲಿಲ್ಲ. ಬೇಟೆಜೀವಿಯನ್ನು ಕೊಲ್ಲುವ ಉಪಾಯ ತಮಗೆ ಗೊತ್ತಿಲ್ಲವೆಂದು ಅವರು ತಲೆ ತಗ್ಗಿಸಿ ಹೇಳಿದರು.

"ಕಾಲ ಕಡದಿದ್ರ ನಾ ಒಬ್ಬಾಕಿ ಕುಂಟಿ ಆಗ್ತಿದ್ದೆ, ಡಾಕ್ಟರ್ ಬಾಯಾರ" ಎಂದಳು ಗುರುಬಸವ್ವ. "ಈಗ ಮೂವತ್ತು ಮನಿ ತಿಗರಿ ನಿಂತ್ವು."

ಡಾಕ್ಟರು ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. ತೂತುಗಳೆಲ್ಲ ಮುಚ್ಚಿ ಚರ್ಮ ಎಳೆಗೂಸಿನದರಂತೆ ನುಣುಪಾಗಿತ್ತು. ಪೂರ್ಣ ಗುಣ ಎಂದು ಚೀಟಿಯಲ್ಲಿ ಬರೆದುಕೊಂಡರು. ಅಷ್ಟರಲ್ಲಿ ಓಣಿಯ ಕುಂಬಾರ ಮನೆಗಳ ಹೆಂಗಸರು ಬಾಗಿಲಲ್ಲಿ ಬಂದು ನಿಂತರು. ಗುರುಬಸವ್ವ ಕಾಲನ್ನು ಸರಕ್ಕನೆ ಸೀರೆಯೊಳಗೆ ಎಳೆದುಕೊಂಡು ಮುಚ್ಚಿದಳು.