ಬೆವರಾರದ ಜೆರ್ಸಿಗಳು

ಮಾಘ ಶುದ್ಧ ದಶಮಿ, ಮಂಗಳವಾರ. ಬೆಳಗ್ಗೆ ಮಂಜಿತ್ತು, ಆಮೇಲೆ ಎಳೆಬಿಸಿಲು ಬಂತು. ಬಹಳ ಹಿಂದಿನ ಮಾತು. ರಾಜನೂ ಪ್ರಜೆಗಳೂ ಒಂದೇ ಬಯಲಿನಲ್ಲಿ ಹಾಕಿ ಆಟ ಆಡುತ್ತಿದ್ದ ಚಂದ್ರಗಾವಿ ಎಂಬ ರಾಜ್ಯದಲ್ಲಿ, ಅಂದು ಪೊನ್ನವ್ವ ಅಣ್ಣನ ಜೆರ್ಸಿ ತರಲು ಹೊರಟಳು.

ಗುಡ್ಡದ ಮೇಲೆ ಧೂಮಕನೆಂಬ ಮಾಂತ್ರಿಕನಿದ್ದ. ಪಂದ್ಯ ಮುಗಿದೊಡನೆ, ಬೆವರು ಆರುವ ಮೊದಲೇ, ಆಟಗಾರರ ಜೆರ್ಸಿ ಕದ್ದು ಕೂಡಿಡುತ್ತಿದ್ದ. ಜೆರ್ಸಿ ಹೋದವರ ಕಾಲಿನ ಬಲವೂ ಹೋಗುತ್ತಿತ್ತು. ಅಣ್ಣ ಚಿಣ್ಣಪ್ಪ ಹಾಸಿಗೆ ಹಿಡಿದು ಮೂರು ತಿಂಗಳಾಗಿತ್ತು.

ಧೂಮಕನ ಮನೆ ಬಾಗಿಲಲ್ಲಿ ಕರಡಿ ನಿಂತಿತ್ತು.

“ಏನವ್ವ, ಕದಿಯೋಕೆ ಬಂದ್ಯಾ?”

“ಕದ್ದದ್ದನ್ನ ಕೇಳೋಕೆ ಬಂದೆ.”

“ಹಾಗಾದರೆ ಈ ಕೋಲು ಹಿಡಿದು, ನನ್ನ ದಾಟಿಸಿ ಚೆಂಡು ಹೊಡಿ.”

ಪೊನ್ನವ್ವ ಬಲಕ್ಕೆ ನೋಡಿ ನೇರಕ್ಕೆ ಹೊಡೆದಳು. ಚೆಂಡು ಕರಡಿಯ ಕಾಲ ಸಂದಿಯಿಂದ ನುಸುಳಿತು. “ಥೂ, ಕಾಲು ಜೋಡಿಸೋದೇ ಮರೆತೆ!” ಎಂದು ಕರಡಿ ಸರಿದು ನಿಂತಿತು.

ಒಳಗೆ ಮುನ್ನೂರು ಹಸಿರು ಜೆರ್ಸಿಗಳು ತೂಗುತ್ತಿದ್ದವು.

“ನಿಮ್ಮಣ್ಣಂದು ಯಾವುದು, ತೋರಿಸು. ತಪ್ಪಿದರೆ ನೀನೂ ಇಲ್ಲೇ ತೂಗಾಡ್ತೀಯ,” ಎಂದ ಧೂಮಕ.

ಎಡ ಮೊಣಕೈ ಹುಲ್ಲಿಗೆ ಉಜ್ಜಿ ಸವೆದು, ಬಲ ತೋಳು ಹೊಸದರಂತೆ ಇದ್ದದ್ದನ್ನು ಅವಳು ಹಿಡಿದಳು. “ಇದು. ಅವನು ಬೀಳೋದು ಯಾವಾಗಲೂ ಎಡಕ್ಕೇ.”

“ಸರಿ. ಬದಲಿಗೆ ಒಂದು ಕೊಡು. ಆಡಿದ್ದಿರಬೇಕು, ಒಗೆದಿರಬಾರದು. ಅದರೊಳಗಿನ ಆಟ ಆಮೇಲೆ ನಂದು, ನಿನಗೆ ಅದರ ನೆನಪೂ ಉಳಿಯಲ್ಲ.”

ಪೊನ್ನವ್ವ ಸುತ್ತ ನೋಡಿದಳು. “ಇಷ್ಟರಲ್ಲಿ ಒಂದನ್ನಾದರೂ ತೊಟ್ಟಿದ್ದೀಯಾ?”

ಮಾಂತ್ರಿಕ ತಲೆ ತಗ್ಗಿಸಿದ. “ಕದ್ದದ್ದು ಮೈಗೆ ಕೂರಲ್ಲ. ಚಿಕ್ಕಂದಿನಲ್ಲಿ ಒಬ್ಬರೂ ನನ್ನ ಆಟಕ್ಕೆ ಕರೀಲಿಲ್ಲ.”

ಪೊನ್ನವ್ವ ಸೆರಗಿನಡಿ ಮಡಿಸಿಟ್ಟಿದ್ದ ಜೆರ್ಸಿಯೊಂದನ್ನು ತೆಗೆದು ಅವನ ಕೈಗಿತ್ತಳು. ಅವನು ತೊಟ್ಟ. ಅದು ಮೈಗೆ ಸರಿಯಾಗಿ ಕೂತಿತು. ಅವನ ಕಾಲು ತಾನಾಗಿ ಕುಣಿಯಿತು. ನಗುತ್ತ ಬಯಲಿಗೆ ಓಡಿದ. ಕಾಯುವವನು ಹೋದದ್ದೇ ತಡ, ಜೆರ್ಸಿಗಳೆಲ್ಲ ಗಿಳಿಗಳಂತೆ ಹಾರಿ ತಂತಮ್ಮ ಮನೆ ಸೇರಿದವು.

ಮಲಗಿದ್ದವರೆಲ್ಲ ಎದ್ದರು. ಧೂಮಕನನ್ನು ತಂಡಕ್ಕೆ ಸೇರಿಸಿಕೊಂಡರು. ಗೋಲು ಕಾಯಲು ಕರಡಿ ಬಂತು. ಚಂದ್ರಗಾವಿಯಲ್ಲಿ ಮುಂದೆ ಯಾರೂ ಆಟವಿಲ್ಲದೆ ಕೊರಗಲಿಲ್ಲ.

ಆ ಸಂಜೆ ಚಿಣ್ಣಪ್ಪ ಅಂಗಳದಲ್ಲಿ ಓಡಿ ಬಂದು ಏದುಸಿರು ಬಿಡುತ್ತ ಕೇಳಿದ, “ಅವನಿಗೆ ಏನು ಕೊಟ್ಟೆ ತಂಗಿ?”

“ನನ್ನದೇ ಒಂದು ಜೆರ್ಸಿ. ನಾವಿಬ್ಬರೂ ಜೊತೆಗೆ ಆಡಿದ ಒಂದೇ ಪಂದ್ಯದ್ದಂತೆ, ಅಮ್ಮ ಹೇಳಿದಳು.” ಪೊನ್ನವ್ವ ಅವನ ಮುಖ ನೋಡಿದಳು. “ಅಣ್ಣಾ, ಅವತ್ತು ನಾವು ಗೆದ್ದೆವಾ?”