ದ್ವಾದಶಿ ದಿನದ ನಿಕಲ್

ದಶರಥನಿಗೆ ತಲೆ ಚಿಟ್ಟುಹಿಡಿದಿತ್ತು. ಸೇಡಂ ಕಾಲೇಜಿನ ಪ್ರಯೋಗಾಲಯದ ಕೆಲಸ ಬಿಟ್ಟು ಶಹಾಬಾದಿಗೆ ಇದು ಮೂರನೇ ಸಲದ ಓಡಾಟ. ರಸಾಯನಶಾಸ್ತ್ರ ಕಲಿಸುವ ವಿಜಯಶ್ರೀ ಮೇಡಂ ಊರವರ ಎಷ್ಟೋ ಒಗಟು ಬಿಡಿಸಿದ್ದರು. ಈ ಸಲ ಮಾತ್ರ ಅವನನ್ನು ಕರೆತಂದು ನಳಗಳನ್ನು ತೂಗುವುದು, ಬರೆದುಕೊಳ್ಳುವುದು, ಇಷ್ಟೇ. ಇತ್ತ ಅವನ ಅಕ್ಕ ಮಾಣಿಕಮ್ಮನ ಕೆಲಸ ಸೋಮವಾರಕ್ಕೆ ಹೋಗುವುದಿತ್ತು.

೧೯೯೭ರ ಮಾತು. ನಂದಕಿಶೋರರ ಶೆಡ್ಡಿನಲ್ಲಿ ಹಿತ್ತಾಳೆ ನಳಗಳಿಗೆ ನಿಕಲ್ ಲೇಪ ಮಾಡುತ್ತಿದ್ದರು. ಕರೆಂಟು ಅಷ್ಟೇ, ಹೊತ್ತೂ ಅಷ್ಟೇ. ಆದರೂ ಪ್ರತಿ ದ್ವಾದಶಿಯಂದು ನಿಕಲ್ ಅರ್ಧವೂ ಕೂರುತ್ತಿರಲಿಲ್ಲ, ನಳದ ಸುತ್ತ ಬರೀ ಗುಳ್ಳೆ. ನಾಲ್ಕು ದಿನಕ್ಕೆ ತಾನಾಗಿಯೇ ಸರಿಹೋಗುತ್ತಿತ್ತು. ಏಕಾದಶಿಗೆ ಆಳುಗಳಿಗೆ ರಜೆ. ಮರುದಿನ ಮಾಲೀಕರು ಪಾರಣೆ ಮುಗಿಸಿ ಬರುವ ಮುಂಚೆ ಬೀಗ ತೆಗೆಯುವವಳು ಮಾಣಿಕಮ್ಮ ಒಬ್ಬಳೇ. ತೊಟ್ಟಿಗೆ ಏನೋ ಬೆರೆಸುವವಳು ಅವಳೇ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು.

"ಬಕೆಟ್ ನೀರು ಬಿಟ್ಟು ಏನೂ ಹಾಕಿಲ್ರೀ," ಎಂದಿದ್ದಳು ಅವಳು. ಲೇಪವಾದ ನಳಗಳನ್ನು ಆ ಬಕೆಟ್ಟಿನಲ್ಲಿ ಅದ್ದಿ ತೊಳೆದ ನೀರಿನಲ್ಲಿ ನಿಕಲ್ ಉಳಿದಿರುತ್ತದೆ. ಕಾದು ಮಟ್ಟ ಇಳಿದ ತೊಟ್ಟಿಗೆ ಅದನ್ನೇ ಸುರಿಯುವುದು ಅಲ್ಲಿಯ ಪದ್ಧತಿ. ಒಮ್ಮೆ ಘಾಟು ಬಂತೆಂದು ಚೆಲ್ಲಿ ಮಾಲೀಕರಿಂದ ಬೈಸಿಕೊಂಡಿದ್ದಳು.

ಅಂದು ದ್ವಾದಶಿ. ನಳ ತೂಗುಹಾಕುವ ಸ್ಟೀಲ್ ಕೊಕ್ಕೆಗಳಲ್ಲಿ ದಶಮಿಯಂದು ನಿಕಲ್ ಗಂಟುಕಟ್ಟಿದ್ದನ್ನು ದಶರಥನೇ ನೋಡಿದ್ದ, ಈಗ ಅವು ಹೊಸದರಂತಿದ್ದವು. ಸೋಪು ಹಚ್ಚಿ ಕೈ ತೊಳೆದು ಚಹಾಕ್ಕೆ ಕುಳಿತ ನಂದಕಿಶೋರರ ಬೆರಳ ತುದಿ ಹಳದಿಯಾಗಿತ್ತು. ಪೂಜೆಯ ಗೋಪೀಚಂದನವಿರಬೇಕು ಅಂದುಕೊಂಡ. ಮೇಡಂ ಅದನ್ನೇ ನೋಡುತ್ತ ಚಹಾ ಆರಿಸಿಬಿಟ್ಟರು. ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಮಧ್ಯಾಹ್ನ ಮೇಡಂ ಎಲ್ಲರನ್ನೂ ಕೂಡಿಸಿದರು. ಎರಡು ಗಾಜಿನ ಪಾತ್ರೆಗಳಿಗೂ ದಶಮಿಯಂದು ತೆಗೆದಿಟ್ಟ ತೊಟ್ಟಿಯ ದ್ರಾವಣ ಹಾಕಿ, ಒಂದಕ್ಕೆ ಮಾತ್ರ ಬಕೆಟ್ಟಿನ ತಳದ ನೀರು ಎರಡು ಚಮಚ ಬೆರೆಸಿದರು. ಎರಡರಲ್ಲೂ ಒಂದೊಂದು ಹಿತ್ತಾಳೆ ತಗಡು ಇಳಿಬಿಟ್ಟರು. ಸಮ ಕರೆಂಟು, ಅರ್ಧ ಗಂಟೆ. ದಶರಥ ತೂಗಿದ. ಬಕೆಟ್ ನೀರು ಬಿದ್ದ ಪಾತ್ರೆಯ ತಗಡಿಗೆ ಅರ್ಧ ನಿಕಲ್ ಕೂಡ ಕೂತಿರಲಿಲ್ಲ.

"ಕರೆಂಟು ನಿಕಲ್ ಕೂಡಿಸೋದು ಬಿಟ್ಟು ಬ್ಯಾರೆ ಕಡಿ ಖರ್ಚಾಗಾಕತ್ತದ," ಎಂದರು ಮೇಡಂ. "ಆ ನೀರಾಗ ನೈಟ್ರಿಕ್ ಆ್ಯಸಿಡ್ ಅದ. ಕರೆಂಟು ಹರಿದಂಗ ಅದು ತೀರ್ತದ, ಅದಕ್ಕs ನಾಕ್ ದಿನಕ್ಕ ಸರಿ ಆಗ್ತದ. ಕೊಕ್ಕಿ ಮ್ಯಾಲಿನ ನಿಕಲ್ ಕರಗಿಸೋದೂ ಅದs, ಚರ್ಮ ಹಳದಿ ಮಾಡೋದೂ ಅದs. ಗೋಪೀಚಂದನ ಸೋಪಿಗೆ ಹೋಗ್ತದರಿ, ಇದು ಹೋಗಂಗಿಲ್ಲ. ಏಕಾದಶಿ ದಿನ ಕೊಕ್ಕಿ ತೊಳದವ್ರು ಯಾರ್ರಿ?"

ನಂದಕಿಶೋರ್ ಕೈ ಮಡಿಲಲ್ಲಿ ಇಟ್ಟುಕೊಂಡರು. ಉಪವಾಸದ ದಿನ ಹೊತ್ತು ಹೋಗದೆ ಕೊಕ್ಕೆಗಳನ್ನು ತಾವೇ ಆ್ಯಸಿಡ್ಡಿಗೆ ಅದ್ದುತ್ತಿದ್ದರಂತೆ. ರಜೆಯ ದಿನ ಪಂಪು ನಡೆಯದೆ ಶೆಡ್ಡಿಗೆ ನೀರು ಬರುವುದಿಲ್ಲವಾದ್ದರಿಂದ ನಳ ತೊಳೆಯುವ ಅದೇ ಬಕೆಟ್ಟಿನಲ್ಲಿ ಜಾಲಿಸುತ್ತಿದ್ದರಂತೆ.

"ಸೋಮವಾರ ಬಾ, ಮಾಣಿಕಮ್ಮ," ಎಂದರು ಕೊನೆಗೆ. "ಆ ನೀರು ಚೆಲ್ಲಿಬಿಡು."

ಅಕ್ಕ ಕದಲಲಿಲ್ಲ. "ನೀವs ಚೆಲ್ರಿ. ನಾ ಚೆಲ್ಲಿದ್ರ ಬೈತೀರಿ."

ನಂದಕಿಶೋರ್ ಎದ್ದು, ಹಳದಿ ಬೆರಳುಗಳಿಂದ ಬಕೆಟ್ ಎತ್ತಿಕೊಂಡು ಹೊರಗೆ ನಡೆದರು.