ಕೆಂದಿಯ ಮೇಕಪ್ಪು, ಕರುವಿನ ಗುದ್ದು

ಕೊಂಬಿಗೆ ಕಟ್ಟಿದ್ದ ಬಲೂನೊಂದು ಢಬ್ ಎಂದು ಒಡೆಯಿತು. ಕೆಂದಿ ಬೆಚ್ಚಿಬಿದ್ದು ಹಗ್ಗ ಜಗ್ಗಿತು.

"ಸುಮ್ನೆ ನಿಂತ್ಕೊಳೇ, ಮೇಕಪ್ ಕೆಡ್ತದೆ," ಎಂದು ಭಾನುಪ್ರಿಯ ಗದರಿದಳು.

ಮೇಕಪ್ಪಿಗೇನೂ ಕಡಿಮೆ ಇರಲಿಲ್ಲ. ಮೈಗೆಲ್ಲ ಅರಿಶಿನ, ಕೊಂಬಿಗೆ ಗುಲಾಬಿ ಪೇಂಟು, ಕತ್ತಿಗೆ ಗೆಜ್ಜೆ. ಗಬ್ಬದ ಹಸುವಿಗೆ ಇನ್ನೇನು ಬೇಕು? ಸಂಜೆ ಸಂಕ್ರಾಂತಿಯ ಕಿಚ್ಚು. ತಿಪ್ಪಸಂದ್ರದ ದನಗಳೆಲ್ಲ ಉರಿಯುವ ಹುಲ್ಲನ್ನು ದಾಟಬೇಕು. "ನಮ್ ಕೆಂದಿನೇ ಫಸ್ಟ್ ಹಾರೋದು" ಎಂದು ಭಾನು ಐದನೇ ಕ್ಲಾಸಿಗೆಲ್ಲ ಸಾರಿಬಿಟ್ಟಿದ್ದಳು. ಕೆಂದಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಪಕ್ಕದ ಮನೆಯ ಎಮ್ಮೆಗೆ ಇಂಜೆಕ್ಷನ್ ಕೊಡಲು ಬಂದಿದ್ದ ದನದ ಡಾಕ್ಟರ್ ಮಮತಾ ಬೇಲಿಯಾಚೆಯಿಂದಲೇ ಕೇಳಿದರು. "ತುಂಬಿದ ಗಬ್ಬ. ಇದನ್ನೂ ಬೆಂಕಿ ಹಾಯಿಸ್ತೀರಾ ಯಜಮಾನ್ರೇ?"

"ದೃಷ್ಟಿ ಹೋಗ್ಬೇಕಲ್ಲವ್ವ," ಎಂದರು ಭಾನುವಿನ ತಾತ ಚೆಲುವಯ್ಯ.

"ಹಸು ಹೆದರಿದ್ರೆ ರಕ್ತದಲ್ಲಿ ಒಂದು ಹಾರ್ಮೋನ್ ಏರುತ್ತೆ. ಓಡು, ತಪ್ಪಿಸ್ಕೋ ಅಂತ ಮೈಗೆಲ್ಲ ಸುದ್ದಿ ಮುಟ್ಟಿಸೋ ರಸ ಅದು. ಸ್ವಲ್ಪ ಕರುಗೂ ಹೋಗುತ್ತೆ. ಭಯ ಜಾಸ್ತಿಯಾದ್ರೆ ಕರು ದಿನ ತುಂಬೋ ಮೊದಲೇ ಹುಟ್ಟಬಹುದು. ಉಳೀದೇನೂ ಇರಬಹುದು."

"ನಮ್ ಕಾಲ್ದಲ್ಲಿ ಈ ಹಾರ್ಮೋನ್ ಎಲ್ಲಿತ್ತು? ಎಲ್ಲಾ ಈಗೀಗ ಬಂದಿರದು," ಎಂದರು ತಾತ. ಅದೂ ಮೊಬೈಲಿನ ಜೊತೆಗೇ ಊರಿಗೆ ಬಂದಿರಬೇಕು ಎಂದು ಅವರ ಗುಮಾನಿ.

ಭಾನುವೂ ತಲೆಯಾಡಿಸಿದಳು. ತನ್ನ ಕೆಂದಿಗೆ ಭಯವೇ? ಕ್ಲಾಸ್ ಲೀಡರ್ ಸಾಕಿದ ಹಸು ಅದು.

ಸಂಜೆ ದಾರಿಗೆ ಅಡ್ಡವಾಗಿ ಹುಲ್ಲು ಹಾಸಿ ಬೆಂಕಿ ಇಟ್ಟರು. ತಮಟೆ ಶುರುವಾಯಿತು. ಯಾರೋ ಬುದ್ಧಿವಂತರು ಪಟಾಕಿಯನ್ನೂ ಹಚ್ಚಿದರು. ಬೆಂಕಿಯೊಂದೇ ಸಾಲದು ಅನಿಸಿತ್ತೇನೋ. ಕೆಂದಿ ಕಣ್ಣು ಅಗಲಿಸಿ ಹಿಂದೆ ಹಿಂದೆ ಸರಿಯಿತು. ಅದರ ಮೈ ಗಡಗಡ ನಡುಗುತ್ತಿತ್ತು. ಸಮಾಧಾನ ಮಾಡಲು ಭಾನು ಹೊಟ್ಟೆ ಸವರಿದಳು.

ಅಂಗೈಯ ಕೆಳಗೆ ಏನೋ ಗುದ್ದಿತು. ಮತ್ತೆ ಮತ್ತೆ ಗುದ್ದಿತು. ಕರು! ಭಾನು ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡಳು.

"ಹಗ್ಗ ಕೊಡವ್ವ, ನಮ್ ಸರದಿ ಬಂತು," ಎಂದರು ತಾತ.

"ಕೊಡಾಕಿಲ್ಲ ತಾತ."

"ಊರೋರು ಏನಂದಾರು?"

"ಬೇಕಿದ್ರೆ ಊರೋರೇ ಹಾರ್ಲಿ. ಅವ್ರಿಗೂ ದೃಷ್ಟಿ ಆಗಿರ್ತದೆ."

ತಾತ ಕೆಂದಿಯ ಹೊಟ್ಟೆಯ ಮೇಲಿದ್ದ ಅವಳ ಪುಟ್ಟ ಕೈ ನೋಡಿ, ಹಗ್ಗಕ್ಕೆ ಚಾಚಿದ್ದ ತಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಏನ್ ಭಾನು, ನಿನ್ ಹಸು ಫೇಲಾ?" ಎಂದು ಅವಳ ಕ್ಲಾಸಿನ ಬಾಲರಾಜು ಕಿಸಕ್ಕನೆ ನಕ್ಕ.

"ಹೂಂ, ಫೇಲು," ಎಂದಳು ಭಾನು. ಅವಮಾನಕ್ಕೆ ಅಳು ಬಂತು. ಆದರೂ ಕೆಂದಿಯನ್ನು ತಿರುಗಿಸಿಕೊಂಡು ಮನೆಗೆ ನಡೆದಳು.

ಕೊಟ್ಟಿಗೆ ತಣ್ಣಗಿತ್ತು. ತಮಟೆಯ ಸದ್ದು ದೂರವಾಗಿತ್ತು. ಅವಳು ಗೆಜ್ಜೆ, ಬಲೂನುಗಳನ್ನೆಲ್ಲ ಬಿಚ್ಚಿ, ಹುಲ್ಲು ಹಾಕಿ, ಕೆಂದಿಯ ಪಕ್ಕದಲ್ಲಿ ನಿಂತಳು. ಅದರ ಉಸಿರು ಎಷ್ಟೋ ಹೊತ್ತಿನ ಮೇಲೆ ತಹಬಂದಿಗೆ ಬಂತು. ಆಗ ಒಳಗಿನ ಗುದ್ದೂ ಮೆಲ್ಲಗಾಯಿತು.

ಹೊಟ್ಟೆಯೊಳಗಿದ್ದದ್ದು ಬೆಂಕಿ ನೋಡಿರಲಿಲ್ಲ, ಊರನ್ನೂ ನೋಡಿರಲಿಲ್ಲ. ಆದರೂ ಅದಕ್ಕೆ ಅಮ್ಮನ ಹೆದರಿಕೆ ಗೊತ್ತಾಗಿತ್ತು.

ಭಾನು ಬಗ್ಗಿ ಹೊಟ್ಟೆಗೆ ಬಾಯಿ ತಾಗಿಸಿ, "ಸಾರಿ," ಎಂದು ಪಿಸುಗುಟ್ಟಿದಳು.